ಉಟ್ಟ ವಸ್ತ್ರವೂ ಉಪಭೋಗ ಪರಿಮಾಣವೂ

ಗೃಹಸ್ಥಧರ್ಮವನ್ನು ಪಾಲಿಸತಕ್ಕ ಶ್ರಾವಕ ಶ್ರಾವಿಕೆಯರಿಗೆ ವಿಧಿಸಲಾಗಿರುವ ಹನ್ನೆರಡು ವ್ರತಗಳಲ್ಲಿ ಭೋಗೋಪಭೋಗ ಪರಿಮಾಣವೂ ಒಂದು. ಸ್ವಾಮಿ ಸಮಂತಭದ್ರಾಚಾರ್ಯರು ತಮ್ಮ ರತ್ನಕರಂಡಕ ಶ್ರಾವಕಾಚಾರದಲ್ಲಿ ಇದನ್ನು ಗುಣವ್ರತಗಳ ಸಾಲಿನಲ್ಲಿ ಇಟ್ಟಿದ್ದಾರೆ. ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದಲ್ಲಿ ಉಪಭೋಗ ಪರಿಭೋಗ ಪರಿಮಾಣವೆಂಬ ಹೆಸರಿನಿಂದ ಇದನ್ನೇ ಹೇಳಿದ್ದಾರೆ. ಹೆಸರು ಬೇರೆಯಾದರೂ ತಾತ್ಪರ್ಯ ಒಂದೇ. ಬಳಸುವ ವಸ್ತುಗಳಿಗೆ ಮಿತಿಯನ್ನು ಹಾಕಿಕೊಂಡು, ಆ ಮಿತಿಯ ಮೂಲಕ ಆಸೆಗೆ ಮಿತಿಯನ್ನು ಕಲಿಸುವುದೇ ಈ ವ್ರತದ ಉದ್ದೇಶ.

ಈ ವ್ರತವನ್ನು ವಿವರಿಸುವಾಗ ಸಮಂತಭದ್ರರು ಒಂದು ಸೂಕ್ಷ್ಮವಾದ ಭೇದವನ್ನು ತೋರಿಸಿಕೊಟ್ಟಿದ್ದಾರೆ. ಒಮ್ಮೆ ಅನುಭವಿಸಿದ ಮೇಲೆ ಬಿಟ್ಟುಬಿಡಬೇಕಾದುದು ಭೋಗ. ಅನುಭವಿಸಿದ ಮೇಲೂ ಮತ್ತೆ ಅನುಭವಿಸಲು ಉಳಿಯುವಂಥದು ಉಪಭೋಗ. ಮೊದಲನೆಯದಕ್ಕೆ ಆಹಾರವೂ ಎರಡನೆಯದಕ್ಕೆ ವಸ್ತ್ರವೂ ಅವರು ಕೊಡುವ ಉದಾಹರಣೆಗಳು. ಎಷ್ಟೋ ಶತಮಾನಗಳ ಹಿಂದೆ ಹೇಳಿದ ಈ ಭೇದವು ಇಂದಿನ ಶ್ರಾವಕ ಕುಟುಂಬಗಳನ್ನು ಕಾಡುವ ಒಂದು ಸಣ್ಣ ಪ್ರಶ್ನೆಗೆ ದೊಡ್ಡ ಬೆಳಕನ್ನು ಕೊಡುತ್ತದೆ. ಅನ್ಯರು ಉಟ್ಟು ಬಿಟ್ಟ ಬಟ್ಟೆಯನ್ನು ಹಣ ಕೊಟ್ಟು ತಂದು ಉಡಬಹುದೇ? ಉಟ್ಟರೆ ಏಕೆ ಮನಸ್ಸು ಅಳುಕುತ್ತದೆ? ಅಳುಕುವ ಮನಸ್ಸೇ ಅಗ್ಗದ ರಾಶಿಯನ್ನು ಕಂಡಾಗ ಏಕೆ ಹಿಗ್ಗುತ್ತದೆ? ಇದೇ ಆ ಪ್ರಶ್ನೆ.

ಪ್ರಶ್ನೆ ಸಣ್ಣದೆಂದು ತಳ್ಳಿಹಾಕುವಂತಿಲ್ಲ. ಹಳೆಯ ಬಟ್ಟೆಯ ವ್ಯವಹಾರವು ನಾಡಿನ ಉದ್ದಗಲಕ್ಕೂ ಹಬ್ಬಿದೆ. ಬೆಂಗಳೂರಿನ ಬಿ.ವಿ.ಕೆ. ಅಯ್ಯಂಗಾರ್ ರಸ್ತೆಯ ಆಸುಪಾಸಿನ ಭಾನುವಾರದ ಬಜಾರಿನಲ್ಲಿ ಬಳಸಿದ ಷರಟು, ಕೋಟುಗಳು ನೆಲದ ಮೇಲೆ ಹರಡಿರುತ್ತವೆ. ದೆಹಲಿಯ ರಘುಬೀರ್ ನಗರದಲ್ಲಿ ನಸುಕಿಗೆ ಮುಂಚೆಯೇ ಹಳೆಯ ಬಟ್ಟೆಯ ಸಗಟು ಮಾರಾಟ ನಡೆಯುತ್ತದೆ. ಗುಜರಾತ್ ಮೂಲದ ವಾಘ್ರಿ ಜನಾಂಗದ ಹೆಂಗಸರು ಮನೆ ಮನೆ ಸುತ್ತಿ ಪಾತ್ರೆ ಕೊಟ್ಟು ತಂದ ಬಟ್ಟೆಗಳು ಅಲ್ಲಿ ಕೈ ಬದಲಾಯಿಸುತ್ತವೆ. ಹರಿಯಾಣದ ಪಾನಿಪತ್ತಿನಲ್ಲಿ ಹೊರದೇಶಗಳ ಹಳೆಯ ಉಣ್ಣೆಬಟ್ಟೆಯನ್ನು ಹರಿದು, ಎಳೆ ಬಿಡಿಸಿ, ಮತ್ತೆ ನೂತು ಕಂಬಳಿ ಮಾಡುತ್ತಾರೆ. ಮಂಡ್ಯ ಜಿಲ್ಲೆಯ ಹಳ್ಳಿಗಳಲ್ಲಿಯೂ ಹಳೆಯ ಬಟ್ಟೆಗೆ ಸ್ಟೀಲು ಪಾತ್ರೆ ಎಂದು ಕೂಗುತ್ತ ಬರುವ ಹೆಂಗಸು ಯಾರಿಗೂ ಅಪರಿಚಿತಳಲ್ಲ. ಆಕೆಯ ಗಂಟಿನಲ್ಲಿ ಹೋದ ಸೀರೆಯು ಮತ್ತೆಲ್ಲಿಯೋ ಇನ್ನೊಬ್ಬಳ ಮೈ ಮೇಲೆ ಏರುತ್ತದೆ. ಕೊಡುವಾಗ ಯಾರೂ ಅಳುಕುವುದಿಲ್ಲ. ಕೊಳ್ಳುವಾಗ ಮಾತ್ರ ಅಳುಕು. ಇದನ್ನು ವಿಚಾರ ಮಾಡಬೇಕು.

ಒಂದು ದೃಷ್ಟಾಂತವನ್ನು ಭಾವಿಸಿಕೊಳ್ಳೋಣ. ಮಳವಳ್ಳಿ ತಾಲ್ಲೂಕಿನ ಕಿರುಗಾವಲಿನಂಥ ಊರಿನಲ್ಲಿ ಒಂದು ಶ್ರಾವಕ ಕುಟುಂಬವಿದೆ. ಸ್ವಲ್ಪ ಗದ್ದೆ, ಸ್ವಲ್ಪ ಕಬ್ಬು, ಮಕ್ಕಳು ಇಬ್ಬರು. ಭಾದ್ರಪದ ಮಾಸ ಬಂತೆಂದರೆ ಶುದ್ಧ ತದಿಗೆಗೆ ಗೌರಿ, ಚೌತಿಗೆ ಗಣೇಶ. ನೆರೆಹೊರೆಯ ಮನೆಗಳಲ್ಲಿ ಬಾಗಿನ, ತವರಿನ ಸೀರೆ, ಮಕ್ಕಳಿಗೆ ಹೊಸ ಬಟ್ಟೆಯ ಸಂಭ್ರಮ. ಅದರ ಮರುದಿನ ಪಂಚಮಿಯಿಂದಲೇ ದಶಲಕ್ಷಣ ಪರ್ವ ಆರಂಭ. ಬೀದಿಯೆಲ್ಲ ಹೊಸ ಬಟ್ಟೆಯಲ್ಲಿ ಮಿನುಗುವ ಹೊತ್ತಿಗೆ ಶ್ರಾವಕನ ಮನೆಯಲ್ಲಿ ವ್ರತ ಉಪವಾಸಗಳ ಸಿದ್ಧತೆ. ದೊಡ್ಡವರು ಸಹಿಸಿಕೊಂಡಾರು, ಮಕ್ಕಳು ಕೇಳಬೇಕಲ್ಲ! ಕಬ್ಬಿನ ಹಣ ಇನ್ನೂ ಕೈಗೆ ಬಂದಿಲ್ಲ. ಆ ಗೃಹಿಣಿಯು ಬನ್ನೂರು ಮಾರ್ಗವಾಗಿ ಮೈಸೂರಿಗೆ ಏನೋ ಕೆಲಸದ ಮೇಲೆ ಹೋದವಳು ಫುಟ್‌ಪಾತಿನಲ್ಲಿ ಬಳಸಿದ ಬಟ್ಟೆಯ ರಾಶಿಯನ್ನು ಕಾಣುತ್ತಾಳೆ. ಮಗಳಿಗೆ ಒಂದು ಲಂಗ, ಮಗನಿಗೆ ಒಂದು ಷರಟು ಸಾಕೆಂದು ಕೈ ಹಾಕಿದವಳು, ಒಂದು ಹೊಸ ಬಟ್ಟೆಯ ಬೆಲೆಗೆ ಐದಾರು ಸಿಕ್ಕಿದವೆಂದು ತನಗೂ ಒಂದು ಸೀರೆಯನ್ನು ಸೇರಿಸಿ ಗಂಟು ಕಟ್ಟಿಸಿಕೊಳ್ಳುತ್ತಾಳೆ. ಬಸ್ಸಿನಲ್ಲಿ ಕುಳಿತಾಗ ಮನಸ್ಸು ಹಗುರ. ಊರು ಹತ್ತಿರವಾದಂತೆ ಅದೇ ಮನಸ್ಸು ಭಾರ. ಇಳಿದು ನಡೆಯುವಾಗ ಗಂಟನ್ನು ಸೆರಗಿನ ಮರೆಗೆ ಎಳೆದುಕೊಳ್ಳುತ್ತಾಳೆ.

ಹಬ್ಬದ ದಿನ ನೆರೆಯಾಕೆ ಕೇಳುತ್ತಾಳೆ: “ಏನಕ್ಕಾ, ಸೀರೆ ಬಲು ಚೆನ್ನಾಗಿದೆ, ಎಲ್ಲಿ ತಗೊಂಡೆ?” ಗೃಹಿಣಿಯ ಬಾಯಿಂದ ತಟ್ಟನೆ ಬರುವ ಉತ್ತರ: “ಮೈಸೂರಿನ ನಮ್ಮ ನಾದಿನಿ ಕೊಟ್ಟಳಮ್ಮ.”

ಇಲ್ಲಿ ದೋಷವೆಲ್ಲಿ ಬಂದಿತು? ಉಟ್ಟ ಬಟ್ಟೆಯನ್ನು ಕೊಂಡುದರಲ್ಲಿಯೇ, ಒಂದು ಬೇಕಾದಲ್ಲಿ ಐದನ್ನು ಕೊಂಡುದರಲ್ಲಿಯೇ, ಇಲ್ಲವೇ ನಾದಿನಿಯ ಹೆಸರು ಹೇಳಿದುದರಲ್ಲಿಯೇ? ಜನರು ಸಾಮಾನ್ಯವಾಗಿ ಮೊದಲನೆಯದನ್ನು ದೋಷವೆಂದು ತಿಳಿದು ಉಳಿದೆರಡನ್ನು ಮರೆತುಬಿಡುತ್ತಾರೆ. ಶಾಸ್ತ್ರದೃಷ್ಟಿಯಿಂದ ನೋಡಿದರೆ ಲೆಕ್ಕ ಇದಕ್ಕೆ ವಿಪರೀತವಾಗಿದೆ.

ಸಂಕೋಚದ ಮೂರು ಎಳೆಗಳು

ಉಟ್ಟ ಬಟ್ಟೆಯನ್ನು ಕಂಡು ಹಿಂಜರಿಯುವ ಮನಸ್ಸಿನಲ್ಲಿ ಮೂರು ಎಳೆಗಳು ಹೆಣೆದುಕೊಂಡಿವೆ. ಮೊದಲನೆಯದು ಎಂಜಲೆಂಬ ಭಾವನೆ. ಇನ್ನೊಬ್ಬರ ಎಲೆಯಲ್ಲಿ ಮಿಕ್ಕಿದ ಅನ್ನವನ್ನು ಉಣ್ಣುವುದೂ ಇನ್ನೊಬ್ಬರು ಬಿಟ್ಟ ಬಟ್ಟೆಯನ್ನು ಉಡುವುದೂ ಒಂದೇ ಎಂದು ಮನಸ್ಸು ಹೇಳುತ್ತದೆ. ಸಮಂತಭದ್ರರ ಭೇದವು ಉಪಯೋಗಕ್ಕೆ ಬರುವುದು ಇಲ್ಲಿಯೇ. ಅನ್ನವು ಭೋಗ, ಒಮ್ಮೆ ಬಾಯಿಗಿಟ್ಟ ಮೇಲೆ ಅದರ ಕಾರ್ಯ ಮುಗಿಯಿತು, ಮಿಕ್ಕುದು ಎಂಜಲು. ವಸ್ತ್ರವಾದರೋ ಉಪಭೋಗ, ಮತ್ತೆ ಮತ್ತೆ ಬಳಸಲು ಉಳಿಯುವುದೇ ಅದರ ಸ್ವಭಾವ. ತನ್ನ ಸೀರೆಯನ್ನು ತಾನೇ ನೂರು ಸಲ ಒಗೆದು ಉಡುವಾಕೆ ಅದನ್ನು ಎಂಜಲೆನ್ನುವುದಿಲ್ಲ. ಅಕ್ಕನ ಲಂಗವನ್ನು ತಂಗಿಗೆ, ಅಣ್ಣನ ಷರಟನ್ನು ತಮ್ಮನಿಗೆ ತೊಡಿಸುವಾಗ ಯಾವ ತಾಯಿಯೂ ಅಳುಕುವುದಿಲ್ಲ. ಹಸುಗೂಸನ್ನು ಅಜ್ಜಿಯ ಹಳೆಯ ಹತ್ತಿ ಸೀರೆಯಲ್ಲಿ ಸುತ್ತುವುದೇ ಲೇಸೆಂದು ಹಿರಿಯರು ನಂಬಿದ್ದಾರೆ. ಹಾಗಾದರೆ ಅಳುಕು ಬಟ್ಟೆಯ ಹಳತನದ್ದಲ್ಲ. ಉಟ್ಟವರು ಅನ್ಯರೆಂಬ ಭೇದಬುದ್ಧಿಯದು. ನೀರು, ಬಿಸಿಲು ತಾಗಿದ ಬಟ್ಟೆಗೆ ಉಟ್ಟವರ ಕುಲವಾಗಲಿ ಐಶ್ವರ್ಯವಾಗಲಿ ಅಂಟಿಕೊಂಡಿರುವುದಿಲ್ಲ.

ಎರಡನೆಯ ಎಳೆಯು ಭಯ. ಇದು ಸತ್ತವರ ಬಟ್ಟೆಯಾಗಿದ್ದರೆ? ಈ ಭಯವು ನಮ್ಮ ನಾಡಿಗೇ ಸೀಮಿತವಲ್ಲ. ಪಶ್ಚಿಮ ಆಫ್ರಿಕದ ಘಾನಾ ದೇಶದ ರಾಜಧಾನಿ ಅಕ್ರಾದಲ್ಲಿ ಕಾಂಟಮಾಂಟೊ ಎಂಬ ಬಹು ದೊಡ್ಡ ಹಳೆಬಟ್ಟೆಯ ಮಾರುಕಟ್ಟೆಯಿದೆ. ಪಾಶ್ಚಾತ್ಯ ದೇಶಗಳಿಂದ ಮೂಟೆಗಟ್ಟಲೆ ಬರುವ ಆ ಬಟ್ಟೆಗಳನ್ನು ಅಲ್ಲಿಯ ಜನರು ತಮ್ಮ ಭಾಷೆಯಲ್ಲಿ ಸತ್ತ ಬಿಳಿಯನ ಬಟ್ಟೆ ಎಂದೇ ಕರೆಯುತ್ತಾರೆ. ಇಷ್ಟು ಒಳ್ಳೆಯ ಬಟ್ಟೆಯನ್ನು ಬದುಕಿರುವವನು ಬಿಟ್ಟುಕೊಡುವನೇ ಎಂಬ ಆಶ್ಚರ್ಯದಿಂದ ಹುಟ್ಟಿದ ಹೆಸರದು. ಆದರೆ ಜೀವ ಮತ್ತು ಪುದ್ಗಲ ಬೇರೆ ಬೇರೆ ಎಂದು ಬಾಲ್ಯದಿಂದ ಕೇಳಿದ ಶ್ರಾವಕನು ಈ ಭಯಕ್ಕೆ ಒಳಗಾಗಬೇಕಾದುದಿಲ್ಲ. ತಾನು ಬಹುಕಾಲ ಧರಿಸಿದ ಶರೀರವನ್ನೇ ಹಿಡಿದಿಡಲಾಗದೆ ಹೊರಟುಹೋದ ಜೀವವು ಒಂದು ಧೋತರದ ಮಡಿಕೆಯಲ್ಲಿ ಉಳಿದೀತೆ? ಅಂಥ ಬಟ್ಟೆಯು ಕೈಗೆ ಬಂದರೆ ಅದನ್ನು ಅನಿತ್ಯ ಭಾವನೆಗೆ ನಿಮಿತ್ತವೆಂದು ತಿಳಿಯಬಹುದು. ಹೊಸದೆಂದು ಇಂದು ಹಿಗ್ಗಿ ಕೊಂಡ ಬಟ್ಟೆಯೂ ಒಂದು ದಿನ ಒಡೆಯನಿಲ್ಲದೆ ಉಳಿಯುವಂಥದೇ. ಹಾಗೆಂದು ಮನೆಯವರಲ್ಲಿ ಯಾರಿಗಾದರೂ ಈ ಭಯ ಬಿಡದಿದ್ದರೆ ಅವರನ್ನು ಹೀಯಾಳಿಸಿ ಉಡಿಸುವುದೂ ಸಲ್ಲದು. ಪರರ ಮನಸ್ಸನ್ನು ನೋಯಿಸಿ ಸಾಧಿಸುವ ಮಿತವ್ಯಯವು ವ್ರತವಾಗುವುದಿಲ್ಲ.

ಮೂರನೆಯ ಎಳೆಯೇ ಎಲ್ಲಕ್ಕಿಂತ ಗಟ್ಟಿಯಾದುದು. ಅದು ಮಾನಕಷಾಯ. ಬಟ್ಟೆ ಎಷ್ಟೇ ಶುಚಿಯಾಗಿರಲಿ, ನಾಲ್ವರಿಗೆ ತಿಳಿದರೆ ಏನೆಂದಾರು ಎಂಬ ಚಿಂತೆ. ದೃಷ್ಟಾಂತದ ಗೃಹಿಣಿಯು ಗಂಟನ್ನು ಸೆರಗಿನ ಮರೆಗೆ ಎಳೆದುಕೊಂಡದ್ದು ಎಂಜಲಿಗೂ ಅಲ್ಲ, ಸಾವಿಗೂ ಅಲ್ಲ, ಈ ಮಾನಕ್ಕಾಗಿ. ಬಡತನವನ್ನು ಅವಮಾನವೆಂದು ಬಗೆಯುವ ಸಮಾಜವೂ ಈ ದೋಷದಲ್ಲಿ ಪಾಲುದಾರನೇ. ಬಸದಿಯಲ್ಲಿ ಪೂಜೆಗೆ ನಿಂತವರ ಸೀರೆಯ ಅಂಚನ್ನು ಅಳೆಯುವ ಕಣ್ಣುಗಳು ಇರುವವರೆಗೆ, ಬಡ ಶ್ರಾವಿಕೆಯ ಬಾಯಲ್ಲಿ ನಾದಿನಿಯ ಸುಳ್ಳು ಹುಟ್ಟುತ್ತಲೇ ಇರುತ್ತದೆ. ಅಸತ್ಯವನ್ನು ಆಡಿದವಳು ಒಬ್ಬಳಾದರೂ ಆಡಿಸಿದವರು ಹಲವರು. ಕೃತ, ಕಾರಿತ, ಅನುಮೋದನ ಎಂಬ ಮೂರು ಬಗೆಯ ಕರ್ಮಾಸ್ರವವನ್ನು ಬಲ್ಲವರು ಇದನ್ನು ಮರೆಯಲಾಗದು.

ಅಗ್ಗದ ಮೋಹ

ಇನ್ನು ಹಿಗ್ಗಿನ ಪಾಲು. ಹಳೆಯ ಬಟ್ಟೆಯನ್ನು ಕೊಳ್ಳುವುದರಲ್ಲಿ ಸಂಕೋಚವನ್ನು ಗೆದ್ದವರು ತಾವು ಅಪರಿಗ್ರಹದ ದಾರಿಯಲ್ಲಿ ಬಹು ದೂರ ಬಂದೆವೆಂದು ತಿಳಿಯುವುದುಂಟು. ಇಲ್ಲಿ ಇನ್ನೊಂದು ಬಲೆಯಿದೆ. ಪರಿಗ್ರಹವೆಂದರೆ ವಸ್ತುವಿನ ಬೆಲೆಯಲ್ಲ, ವಸ್ತುವಿನಲ್ಲಿ ಇರುವ ಮೂರ್ಛೆ, ಅಂದರೆ ಮಮತ್ವ, ಎಂಬುದು ಉಮಾಸ್ವಾಮಿಗಳ ನಿರ್ಣಯ. ಸಾವಿರ ರೂಪಾಯಿಯ ಒಂದು ಸೀರೆಯಲ್ಲಿ ಇರಬಹುದಾದ ಮೂರ್ಛೆ, ಐವತ್ತು ರೂಪಾಯಿಯ ಇಪ್ಪತ್ತು ಸೀರೆಗಳಲ್ಲಿಯೂ ಇರಬಲ್ಲದು. ಬೆಲೆಯು ಹೆಚ್ಚಾಗಿದ್ದಾಗ ಕೈಚೀಲವೇ ಮನಸ್ಸಿಗೆ ಲಗಾಮು ಹಾಕುತ್ತದೆ. ಬೆಲೆ ಇಳಿದಾಗ ಆ ಲಗಾಮು ಕಳಚಿಬೀಳುತ್ತದೆ, ಆಗ ಲಗಾಮು ಹಾಕಬೇಕಾದುದು ವ್ರತ ಮಾತ್ರ.

ಪರಿಗ್ರಹ ಪರಿಮಾಣ ವ್ರತಕ್ಕೆ ತತ್ತ್ವಾರ್ಥಸೂತ್ರವು ಹೇಳುವ ಅತಿಚಾರಗಳಲ್ಲಿ ಕುಪ್ಯದ ಮಿತಿಯನ್ನು ಮೀರುವುದೂ ಒಂದು. ಈ ಕುಪ್ಯ ಶಬ್ದಕ್ಕೆ ಪೂಜ್ಯಪಾದಾಚಾರ್ಯರು ಸರ್ವಾರ್ಥಸಿದ್ಧಿಯಲ್ಲಿ ನಾರುಬಟ್ಟೆ, ಹತ್ತಿಬಟ್ಟೆ, ರೇಷ್ಮೆ ಮೊದಲಾದವು ಎಂದು ಅರ್ಥ ಹೇಳಿದ್ದಾರೆ. ಹೊಲ, ಮನೆ, ಚಿನ್ನಗಳ ಸಮಾನವಾಗಿ ಬಟ್ಟೆಯನ್ನೂ ಲೆಕ್ಕಕ್ಕೆ ತೆಗೆದುಕೊಂಡಿರುವುದನ್ನು ಗಮನಿಸಬೇಕು. ಹೊಸದಾದರೆ ಲೆಕ್ಕ, ಹಳೆಯದಾದರೆ ಲೆಕ್ಕವಿಲ್ಲ ಎಂದು ಯಾವ ಆಚಾರ್ಯರೂ ಹೇಳಿಲ್ಲ. ಸಮಂತಭದ್ರರು ಇದೇ ವ್ರತದ ಅತಿಚಾರಗಳನ್ನು ಹೇಳುವಾಗ ಅತಿಸಂಗ್ರಹವನ್ನೂ ವಿಸ್ಮಯವನ್ನೂ ಲೋಭವನ್ನೂ ಎಣಿಸಿದ್ದಾರೆ. ಬೇಕಾದುದಕ್ಕಿಂತ ಹೆಚ್ಚು ಕೂಡಿಡುವುದು ಅತಿಸಂಗ್ರಹ. ಪರರ ಸಂಪತ್ತನ್ನು ಕಂಡು ಬೆರಗಾಗಿ ಬಾಯಿ ಬಿಡುವುದು ವಿಸ್ಮಯ. ಇಂಥ ದೊಡ್ಡ ಮನೆಯವರು ಉಡುವ ಸೀರೆ ಇಷ್ಟು ಅಗ್ಗಕ್ಕೆ ಸಿಕ್ಕಿತಲ್ಲ ಎಂಬ ಹಿಗ್ಗಿನಲ್ಲಿ ಈ ಎರಡೂ ಒಟ್ಟಿಗೆ ಅಡಗಿವೆ.

ಬೇಕಾದುದೇನೆಂಬ ನಿಶ್ಚಯವಿಲ್ಲದೆ ರಾಶಿಯ ಮುಂದೆ ಕುಳಿತು ತಡಕಾಡುವುದನ್ನೇ ವಿನೋದವೆಂದು ತಿಳಿಯುವವರೂ ಇದ್ದಾರೆ. ನಿಷ್ಪ್ರಯೋಜನವಾದ ಕ್ರಿಯೆಯಿಂದ ದೂರವಿರುವುದೇ ಅನರ್ಥದಂಡವ್ರತವೆಂಬುದನ್ನು ಅವರು ನೆನೆಯಬೇಕು. ಅವಶ್ಯಕತೆಯು ಮನೆಯಲ್ಲಿಯೇ ನಿಶ್ಚಯವಾಗಿ ಬೀದಿಗೆ ಹೋದರೆ ಅದು ಗೃಹಕೃತ್ಯ. ಬೀದಿಯಲ್ಲಿ ಕಂಡ ಮೇಲೆ ಅವಶ್ಯಕತೆ ಹುಟ್ಟಿದರೆ ಅದು ಲೋಭದ ಕೃತ್ಯ. ದೃಷ್ಟಾಂತದ ತಾಯಿಯು ಮಗಳ ಲಂಗ, ಮಗನ ಷರಟು ಕೊಂಡವರೆಗೆ ನಿರ್ದೋಷಿ. ಗಂಟಿಗೆ ಉಳಿದವು ಸೇರಿದ ಮೇಲೆ ಬೇರೆ ಲೆಕ್ಕ.

ಎಚ್ಚರ ಬೇಕಾದ ಸ್ಥಳಗಳು

ಹೊಸ ಬಟ್ಟೆಯ ಉತ್ಪತ್ತಿಯಲ್ಲಿ ಹಿಂಸೆ ಅಲ್ಪವಲ್ಲ. ಹತ್ತಿಯ ಹೊಲಕ್ಕೆ ಹೊಡೆಯುವ ಕೀಟನಾಶಕದಲ್ಲಿ ತ್ರಸಜೀವಿಗಳ ನಾಶ. ಬಣ್ಣದ ಕಾರ್ಖಾನೆಗಳ ಕೊಳಕು ನೀರಿನಲ್ಲಿ ಜಲಜೀವಿಗಳ ನಾಶ. ಹತ್ತಿ ಬೆಳೆಯುವುದರಿಂದ ಹಿಡಿದು ಒಂದು ಹತ್ತಿಯ ಅಂಗಿ ಸಿದ್ಧವಾಗುವವರೆಗೆ ಸುಮಾರು 2,700 ಲೀಟರು ನೀರು ವ್ಯಯವಾಗುತ್ತದೆಂದು ಅಂದಾಜು ಮಾಡಿದ್ದಾರೆ. ಕಾವೇರಿಯ ನಾಲೆಗೆ ನೀರು ಬಿಟ್ಟಾರೋ ಇಲ್ಲವೋ ಎಂದು ಕಾಯುವ ಸೀಮೆಯ ಜನರಿಗೆ ಈ ಲೆಕ್ಕದ ತೂಕವನ್ನು ಹೇಳಿಕೊಡಬೇಕಾದುದಿಲ್ಲ. ಇರುವ ಬಟ್ಟೆಯನ್ನೇ ಇನ್ನೊಬ್ಬರು ಉಟ್ಟರೆ ಅಷ್ಟರ ಮಟ್ಟಿಗೆ ಹೊಸ ಆರಂಭಹಿಂಸೆ ತಪ್ಪುತ್ತದೆ. ಆದುದರಿಂದ ಅವಶ್ಯಕತೆಗೆ ತಕ್ಕಷ್ಟು ಉಟ್ಟ ಬಟ್ಟೆಯನ್ನು ಕೊಳ್ಳುವುದು ವ್ರತಿಗೆ ದೋಷವಲ್ಲದಿರುವುದು ಮಾತ್ರವಲ್ಲ, ವಿವೇಕದಿಂದ ಮಾಡಿದರೆ ಅಹಿಂಸೆಗೆ ಸಹಾಯಕವೂ ಹೌದು. ಆದರೆ ವಿವೇಕ ಬೇಕು. ಅದು ಬೇಕಾದ ಸ್ಥಳಗಳು ಮುಖ್ಯವಾಗಿ ನಾಲ್ಕು.

ಮೊದಲನೆಯದು ಅಚೌರ್ಯ. ಈ ಅಣುವ್ರತದ ಐದು ಅತಿಚಾರಗಳಲ್ಲಿ ಮೂರು ಹಳೆಬಟ್ಟೆಯ ಬೀದಿಯಲ್ಲಿ ಎದುರಾಗಬಹುದಾದವು. ಕದ್ದು ತಂದುದನ್ನು ಕೊಳ್ಳುವುದು ತದಾಹೃತಾದಾನ. ಬೆಲೆ ತೀರ ಅಸಂಭಾವ್ಯವಾಗಿದ್ದರೆ ಎಲ್ಲಿಯದೆಂದು ವಿಚಾರಿಸಬೇಕು, ಉತ್ತರ ಸಮಾಧಾನಕರವಾಗಿರದಿದ್ದರೆ ಬಿಡಬೇಕು. ರಾಜ್ಯದ ಕಟ್ಟಳೆಯನ್ನು ಮೀರಿದ ವ್ಯವಹಾರವು ವಿರುದ್ಧರಾಜ್ಯಾತಿಕ್ರಮ. ಉಡಲು ಯೋಗ್ಯವಾದ ಹಳೆಯ ಬಟ್ಟೆಯನ್ನು ಹೊರದೇಶದಿಂದ ತರಿಸಲು ಸರ್ಕಾರದ ಪರವಾನಗಿ ಬೇಕೆಂಬ ನಿಯಮವಿದೆ, ಇದನ್ನು ವ್ಯಾಪಾರದಲ್ಲಿರುವ ಶ್ರಾವಕರು ತಿಳಿದಿರಬೇಕು. ಹಳೆಯದನ್ನು ಒಗೆದು ಇಸ್ತ್ರಿ ಮಾಡಿ ಹೊಸದೆಂದು ಮಾರುವುದು ಪ್ರತಿರೂಪಕ ವ್ಯವಹಾರ. ಹಳೆಯದನ್ನು ಹಳೆಯದೆಂದೇ ಹೇಳಿ ಮಾರುವ ಫುಟ್‌ಪಾತಿನ ವ್ಯಾಪಾರಿಯು, ಹಳೆಯದನ್ನು ಹೊಸದೆಂದು ಹೇಳಿ ಮಾರುವ ದೊಡ್ಡ ಅಂಗಡಿಯವನಿಗಿಂತ ಧರ್ಮಕ್ಕೆ ಹತ್ತಿರದವನು.

ಎರಡನೆಯದು ಜೀವದಯೆ. ಬಹುಕಾಲ ಮೂಟೆಯಲ್ಲಿದ್ದ ಬಟ್ಟೆಯ ಹೊಲಿಗೆಗಳಲ್ಲಿ ಕೂರೆ, ತಿಗಣೆ, ನುಸಿ ಮೊದಲಾದವು ಸೇರಿರಬಹುದು. ತಂದ ಕೂಡಲೇ ಕುದಿಯುವ ನೀರಿಗೆ ಹಾಕುವುದು ಲೋಕದ ರೂಢಿ. ಶ್ರಾವಕನು ಮೊದಲು ಮನೆಯ ಹೊರಗೆ ಮೆಲ್ಲನೆ ಕೊಡವಿ, ಮಡಿಕೆ ಬಿಡಿಸಿ, ಹೊಲಿಗೆಗಳನ್ನು ಕಣ್ಣಿಂದ ನೋಡಿ, ಪ್ರಾಣಿಗಳಿದ್ದರೆ ನೆರಳಿನಲ್ಲಿ ಬಿಟ್ಟು, ಅವು ಹೋದ ಬಳಿಕ ಸೋಸಿದ ನೀರಿನಲ್ಲಿ ಒಗೆಯತಕ್ಕದ್ದು. ಬೀದಿಯಲ್ಲಿ ಆರಿಸುವಾಗಲೇ ನೋಡಿಕೊಂಡರೆ ಇನ್ನೂ ಲೇಸು. ನವೆದ ಹಳೆಯ ಬಟ್ಟೆಯನ್ನು ನೀರು ಸೋಸಲು ಮಾತ್ರ ಬಳಸಬಾರದು. ಅದಕ್ಕೆ ದಟ್ಟವಾದ ನೇಯ್ಗೆಯ ಬಟ್ಟೆಯನ್ನು ಎರಡು ಪದರ ಮಾಡಿ ಹಿಡಿಯಬೇಕು.

ಮೂರನೆಯದು ರೇಷ್ಮೆ. ಮಳವಳ್ಳಿ, ಮದ್ದೂರು ತಾಲ್ಲೂಕುಗಳು ಹಿಪ್ಪುನೇರಳೆಯ ಸೀಮೆ. ಹುಳು ಚಂದ್ರಿಕೆಯನ್ನೇರಿ ಗೂಡು ಕಟ್ಟುವುದನ್ನೂ, ಆ ಗೂಡು ಬಿಸಿನೀರಿಗೆ ಬೀಳುವುದನ್ನೂ ಇಲ್ಲಿಯ ಜನರು ಕಣ್ಣಾರೆ ಬಲ್ಲರು. ಒಂದು ಸೀರೆಗೆ ಸಾವಿರಾರು ಗೂಡುಗಳು ಬೇಕು. ಹಳೆಯ ರೇಷ್ಮೆ ಸೀರೆಯನ್ನು ಕೊಂಡರೆ ಆದ ಹಿಂಸೆ ಆಗಿಹೋಗಿದೆ, ಹೊಸ ಹಿಂಸೆ ಇಲ್ಲವಲ್ಲ ಎಂಬ ವಾದವನ್ನು ಕೆಲವರು ಮುಂದಿಡುತ್ತಾರೆ. ವಾದದಲ್ಲಿ ಅರ್ಧ ಸತ್ಯವಿದೆ. ಕೃತ ಕಾರಿತಗಳು ಇಲ್ಲಿ ಇಲ್ಲದಿರಬಹುದು, ಅನುಮೋದನ ಇಲ್ಲವೆನ್ನಲಾದೀತೆ? ಅದನ್ನುಟ್ಟು ನಾಲ್ವರ ಮುಂದೆ ಮೆರೆದಾಗ ರೇಷ್ಮೆಯೇ ಹಿರಿದೆಂಬ ಭಾವವನ್ನು ನೋಡಿದವರಲ್ಲಿ ಬಿತ್ತಿದಂತಾಗುತ್ತದೆ. ರೇಷ್ಮೆಯನ್ನು ತ್ಯಜಿಸುವೆನೆಂದು ನಿಯಮ ಮಾಡಿದವರಿಗೆ ಹಳೆಯ ರೇಷ್ಮೆಯೂ ರೇಷ್ಮೆಯೇ, ಉಟ್ಟರೆ ನಿಯಮ ಭಂಗವೇ. ನಿಯಮ ಮಾಡದವರು ಉಡಬಹುದಾದರೂ ಅದನ್ನು ಅಹಿಂಸೆಯೆಂದು ಹೇಳಿಕೊಳ್ಳದಿರುವುದು ಪ್ರಾಮಾಣಿಕತೆ. ಚರ್ಮದ ವಸ್ತುಗಳಿಗೂ ಇದೇ ಮಾತು ಅನ್ವಯಿಸುತ್ತದೆ.

ನಾಲ್ಕನೆಯದು ಪೂಜಾವಸ್ತ್ರ. ಅಭಿಷೇಕ ಪೂಜೆಗಳಿಗೂ ಮುನಿಗಳ ಆಹಾರದಾನಕ್ಕೂ ಬೇರೆಯಾಗಿ ಇಟ್ಟ ಶುದ್ಧ ವಸ್ತ್ರವನ್ನು ಉಡುವುದು ಪದ್ಧತಿ. ಈ ಶುದ್ಧಿಯು ಅಭಿಮಾನದ ಪ್ರಶ್ನೆಯಲ್ಲ, ಆದರದ ಪ್ರಶ್ನೆ. ಒಂದು ಸರಳವಾದ ಹತ್ತಿಯ ಧೋತರ ದುಪ್ಪಟಿಯನ್ನು, ಒಂದು ಹತ್ತಿಯ ಸೀರೆಯನ್ನು ಇದಕ್ಕೆಂದೇ ಕೊಂಡಿಟ್ಟರೆ ಸಾಕು. ಪೂಜೆಗೆ ಸಲ್ಲುವ ಈ ವಿಚಾರವನ್ನು ಹೊಲಕ್ಕೆ, ಸಂತೆಗೆ, ಶಾಲೆಗೆ ಉಡುವ ಬಟ್ಟೆಗೂ ಎಳೆದು ತಂದು, ಬಡವರ ಉಡುಗೆಯನ್ನು ಮೈಲಿಗೆಯೆನ್ನುವುದು ಮಾತ್ರ ತಪ್ಪು.

ಕುಪ್ಯವು ಭಾಂಡವಾದರೆ ತ್ಯಾಗವೇ?

ಕೊಳ್ಳುವವರ ಮಾತಾಯಿತು, ಕೊಡುವವರ ಮಾತೂ ಉಂಟು. ಬಾಹ್ಯ ಪರಿಗ್ರಹಗಳನ್ನು ಹತ್ತಾಗಿ ಎಣಿಸುವಾಗ ಕುಪ್ಯವೆಂದು ಬಟ್ಟೆಯನ್ನೂ ಭಾಂಡವೆಂದು ಪಾತ್ರೆಯನ್ನೂ ಬೇರೆ ಬೇರೆಯಾಗಿ ಹೇಳುವುದುಂಟು. ಬೀರುವಿನಲ್ಲಿ ತುಂಬಿ ತುಳುಕಿದ ಸೀರೆಗಳನ್ನು ಪಾತ್ರೆಯವಳಿಗೆ ಹಾಕಿ ಒಂದು ಸ್ಟೀಲು ಡಬ್ಬಿಯನ್ನು ಪಡೆದವರು ತ್ಯಾಗ ಮಾಡಿದೆವೆಂದು ತಿಳಿಯಬಾರದು. ಅಲ್ಲಿ ನಡೆದುದು ಇಷ್ಟೇ: ಕುಪ್ಯವು ಭಾಂಡವಾಯಿತು. ಖಾಲಿಯಾದ ಬೀರುವು ಮುಂದಿನ ಹಬ್ಬಕ್ಕೆ ಮತ್ತೆ ತುಂಬಿತು. ವ್ಯಾಪಾರವನ್ನು ವ್ಯಾಪಾರವೆಂದೇ ಒಪ್ಪಿ ಮಾಡಿದರೆ ದೋಷವಿಲ್ಲ. ಪಾತ್ರೆಯವಳೊಡನೆ ಇನ್ನೊಂದು ಲೋಟಕ್ಕಾಗಿ ಅರ್ಧ ಗಂಟೆ ಜಗಳವಾಡಿ ಅದನ್ನು ದಾನವೆಂದು ಹೇಳುವುದು ಹಾಸ್ಯಾಸ್ಪದ. ದಾನವಾಗಬೇಕಾದರೆ ಬಟ್ಟೆಯನ್ನು ಒಗೆದು, ಹರಿದುದನ್ನು ಹೊಲಿದು, ಗುಂಡಿ ಹಾಕಿ, ತಾನೇ ಉಡಲು ಒಪ್ಪುವ ಸ್ಥಿತಿಯಲ್ಲಿ, ಪ್ರತಿಫಲವಿಲ್ಲದೆ, ಪಡೆಯುವವರ ಮುಖ ಬಾಡದಂತೆ ಕೊಡಬೇಕು. ತಾನು ಉಡಲಾರದ ಹರಕನ್ನು ಕೊಟ್ಟು ಪುಣ್ಯವನ್ನು ಎಣಿಸುವವರಿಂದಲೇ ಉಟ್ಟ ಬಟ್ಟೆಗೆ ಅವಮಾನದ ವಾಸನೆ ಅಂಟಿಕೊಂಡಿತು. ಕೊಡುವವರು ಗೌರವದಿಂದ ಕೊಡಲು ಕಲಿತರೆ ಉಡುವವರು ಸಂಕೋಚವಿಲ್ಲದೆ ಉಡುವರು.

ಪರ್ವಕಾಲದ ನಿಯಮ

ಆಜೀವನ ಮಾಡುವ ತ್ಯಾಗವು ಯಮ, ಕಾಲದ ಮಿತಿಯಿಟ್ಟು ಮಾಡುವುದು ನಿಯಮ. ಒಂದು ದಿನ, ಒಂದು ಪಕ್ಷ, ಒಂದು ಮಾಸ, ಒಂದು ಋತು ಎಂದು ಕಾಲವನ್ನು ಗೊತ್ತುಮಾಡಿಕೊಂಡು ಆಹಾರ, ವಾಹನ, ವಸ್ತ್ರಾದಿಗಳನ್ನು ಮಿತಗೊಳಿಸಬಹುದೆಂದು ಸಮಂತಭದ್ರರು ಅನುಕೂಲ ಮಾಡಿಕೊಟ್ಟಿದ್ದಾರೆ. ಯಮಕ್ಕೆ ಶಕ್ತಿ ಸಾಲದವರಿಗೆ ದಶಲಕ್ಷಣ ಪರ್ವದ ಹತ್ತು ದಿನಗಳು ನಿಯಮಕ್ಕೆ ತಕ್ಕ ಕಾಲ. ಪರ್ವದ ಧರ್ಮಗಳ ಕ್ರಮವನ್ನೇ ಈ ವಿಷಯಕ್ಕೆ ಹೊಂದಿಸಿಕೊಳ್ಳಬಹುದು.

ಎರಡನೆಯ ದಿನ ಉತ್ತಮ ಮಾರ್ದವ. ಅಂದು ಒಗೆದ ಹಳೆಯ ಬಟ್ಟೆಯನ್ನುಟ್ಟು ಬಸದಿಗೆ ಹೋಗಿ, ಉಟ್ಟವರನ್ನು ನೋಡುವ ತನ್ನ ಕಣ್ಣನ್ನೂ ತನ್ನನ್ನು ನೋಡುವ ಕಣ್ಣುಗಳಿಗೆ ಅಂಜುವ ಮನವನ್ನೂ ಪರೀಕ್ಷಿಸಿಕೊಳ್ಳಬೇಕು. ಮೂರನೆಯ ದಿನ ಉತ್ತಮ ಆರ್ಜವ. ಎಲ್ಲಿಂದ ತಂದೆ ಎಂದು ಕೇಳಿದವರಿಗೆ ತಂದ ಸ್ಥಳವನ್ನೇ ಹೇಳುವುದು ಅಂದಿನ ವ್ರತ. ದೃಷ್ಟಾಂತದ ಗೃಹಿಣಿಯು, “ಮೈಸೂರಿನ ಫುಟ್‌ಪಾತಿನಲ್ಲಿ ತಗೊಂಡೆನಮ್ಮ, ಉಟ್ಟದ್ದೇ, ಆದರೆ ಬಟ್ಟೆ ಗಟ್ಟಿಯಿದೆ” ಎಂದು ನಕ್ಕು ಹೇಳಿದ್ದರೆ, ಬಹುಶಃ ನೆರೆಯಾಕೆಯೂ ತನ್ನ ಒಂದು ಗುಟ್ಟನ್ನು ಹೇಳಿಕೊಳ್ಳುತ್ತಿದ್ದಳು. ನಾಲ್ಕನೆಯ ದಿನ ಉತ್ತಮ ಶೌಚ. ಲೋಕವು ಶೌಚವೆಂದರೆ ಬಟ್ಟೆಯ ಮಡಿ ಎಂದು ತಿಳಿಯುತ್ತದೆ. ಹತ್ತು ಧರ್ಮಗಳಲ್ಲಿ ಬರುವ ಶೌಚವು ಲೋಭದ ಮಲವನ್ನು ತೊಳೆಯುವುದು. ಅಂದು ಮನೆಯ ಬೀರು, ಟ್ರಂಕುಗಳನ್ನು ತೆಗೆದು ಬಟ್ಟೆಗಳನ್ನು ಎಣಿಸಬೇಕು. ಹೊಸದು, ಹಳೆಯದು, ಕೊಂಡದ್ದು, ಕೊಟ್ಟದ್ದು ಎಂಬ ಭೇದವಿಲ್ಲದೆ ಸಂಖ್ಯೆಯನ್ನು ಬರೆದಿಟ್ಟು, ಒಬ್ಬೊಬ್ಬರಿಗೆ ಇಷ್ಟು ಜೊತೆ ಎಂದು ಮಿತಿಯನ್ನು ಗೊತ್ತುಮಾಡಿಕೊಳ್ಳಬೇಕು. ಮುಂದೆ ಒಂದು ಬಟ್ಟೆ ಮನೆಯೊಳಗೆ ಬಂದರೆ ಒಂದು ಹೊರಗೆ ಹೋಗತಕ್ಕದ್ದು. ಎಂಟನೆಯ ದಿನ ಉತ್ತಮ ತ್ಯಾಗ. ಮಿತಿಗಿಂತ ಹೆಚ್ಚಾದುದನ್ನು ಅಂದು ಪಾತ್ರೆಗೆ ಬದಲಾಗಿಯಲ್ಲ, ಪಾತ್ರರಾದವರಿಗೆ ಕೊಡಬೇಕು. ಒಂಬತ್ತನೆಯ ದಿನ ಉತ್ತಮ ಆಕಿಂಚನ್ಯ. ಉಳಿದುದೂ ತನ್ನದಲ್ಲ ಎಂಬ ಭಾವನೆ ಅಂದಿನದು.

ಈ ಭಾವನೆಯು ಎಲ್ಲಿಗೆ ಕರೆದೊಯ್ಯುತ್ತದೆಂಬುದನ್ನು ಶ್ರಾವಕನ ಹನ್ನೊಂದು ಪ್ರತಿಮೆಗಳೇ ತೋರಿಸುತ್ತವೆ. ಒಂಬತ್ತನೆಯ ಪರಿಗ್ರಹತ್ಯಾಗ ಪ್ರತಿಮೆಯಲ್ಲಿ ಕೆಲವೇ ಬಟ್ಟೆಗಳು ಉಳಿಯುತ್ತವೆ. ಹನ್ನೊಂದನೆಯದರಲ್ಲಿ ಕ್ಷುಲ್ಲಕನಿಗೆ ಕೌಪೀನವೂ ಒಂದು ಖಂಡವಸ್ತ್ರವೂ. ಆ ಖಂಡವಸ್ತ್ರವು ತಲೆಗೆಳೆದರೆ ಕಾಲಿಗೆ ಸಾಲದು, ಕಾಲಿಗೆಳೆದರೆ ತಲೆಗೆ ಸಾಲದು. ಐಲಕನಿಗೆ ಕೌಪೀನ ಮಾತ್ರ. ಮುನಿಗಳಿಗೆ ದಿಕ್ಕುಗಳೇ ಅಂಬರ. ಇಪ್ಪತ್ತನೆಯ ಶತಮಾನದಲ್ಲಿ ದಿಗಂಬರ ಮುನಿಪರಂಪರೆಗೆ ಹೊಸ ಚೈತನ್ಯವನ್ನು ತಂದ ಚಾರಿತ್ರ ಚಕ್ರವರ್ತಿ ಆಚಾರ್ಯ ಶ್ರೀ ಶಾಂತಿಸಾಗರ ಮಹಾರಾಜರು 1872ರಲ್ಲಿ ಬೆಳಗಾವಿ ಸೀಮೆಯ ಭೋಜ ಗ್ರಾಮದ ಮನೆತನದಲ್ಲಿ ಜನಿಸಿದವರು. ಆ ಮನೆತನಕ್ಕೆ ಬಟ್ಟೆಯ ಅಂಗಡಿಯೂ ಇತ್ತು. ಗೃಹಸ್ಥಾವಸ್ಥೆಯಲ್ಲಿ ಅಂಗಡಿಯಲ್ಲಿ ಕುಳಿತಾಗಲೂ ಅವರ ಮನಸ್ಸು ಸ್ವಾಧ್ಯಾಯದಲ್ಲಿ ನೆಟ್ಟಿರುತ್ತಿತ್ತೆ ಹೊರತು ಲಾಭದಲ್ಲಿ ಅಲ್ಲ. ಬಂದ ಗಿರಾಕಿಗಳಿಗೆ ಬೇಕಾದ ಬಟ್ಟೆಯನ್ನು ತಾವೇ ಅಳೆದುಕೊಂಡು ಹಣವಿಟ್ಟು ಹೋಗುವಂತೆ ಹೇಳುತ್ತಿದ್ದರೆಂದು ಅವರ ಚರಿತ್ರೆಯನ್ನು ಬರೆದವರು ತಿಳಿಸುತ್ತಾರೆ. ಅಂಗಡಿ ತುಂಬ ಹೊಸ ಬಟ್ಟೆಯ ನಡುವೆ ಕುಳಿತಿದ್ದ ಆ ಮಹಾಪುರುಷರೇ 1920ರಲ್ಲಿ ಮುನಿದೀಕ್ಷೆಯನ್ನು ಸ್ವೀಕರಿಸಿ ಕಟ್ಟಕಡೆಯ ನೂಲನ್ನೂ ತ್ಯಜಿಸಿದರು. 1955ರಲ್ಲಿ ಕುಂಥಲಗಿರಿಯಲ್ಲಿ ಸಲ್ಲೇಖನ ವ್ರತದಿಂದ ಸಮಾಧಿಯನ್ನು ಸಾಧಿಸಿದರು.

ಗೃಹಸ್ಥರು ಒಮ್ಮೆಗೇ ಅಷ್ಟು ದೂರ ಹೋಗಲಾರರು. ಆದರೆ ಮುಖವಾದರೂ ಆ ದಿಕ್ಕಿಗೆ ತಿರುಗಿರಬೇಕು. ಮದ್ದೂರು ತಾಲ್ಲೂಕಿನ ಆರೆತಿಪ್ಪೂರಿನ ಬೆಟ್ಟದಲ್ಲಾಗಲಿ ಶ್ರವಣಬೆಳಗೊಳದ ದೊಡ್ಡ ಬೆಟ್ಟದಲ್ಲಾಗಲಿ ನಿಂತ ಬಾಹುಬಲಿ ಸ್ವಾಮಿಯ ಮುಂದೆ ಕೈಮುಗಿದಾಗ, ತಾನು ಉಟ್ಟ ಬಟ್ಟೆ ಹೊಸದೋ ಹಳೆಯದೋ ಎಂಬ ಪ್ರಶ್ನೆ ಎಷ್ಟು ಚಿಕ್ಕದೆಂದು ತಾನೇ ತಿಳಿಯುತ್ತದೆ. ಅಲ್ಲಿ ಕೇಳಿಕೊಳ್ಳಬೇಕಾದ ಪ್ರಶ್ನೆಗಳು ಬೇರೆ: ಇನ್ನೆಷ್ಟು ಬೇಕು? ಯಾರಿಗೆ ಅಂಜಿ ಬೇಕು? ಯಾವುದನ್ನು ಇಂದು ಬಿಡಬಹುದು? ಈ ಮೂರಕ್ಕೆ ನೇರವಾದ ಉತ್ತರವನ್ನು ಕೊಟ್ಟುಕೊಂಡವರು ಫುಟ್‌ಪಾತಿನ ರಾಶಿಯಿಂದ ಒಂದು ಸೀರೆಯನ್ನು ಆರಿಸಿ ತಂದರೂ ವ್ರತಿಗಳೇ. ಕೊಟ್ಟುಕೊಳ್ಳದವರು ಹೊಸ ಸೀರೆಯ ಮಡಿಕೆಯನ್ನು ಬಿಚ್ಚಿ ಉಟ್ಟರೂ ಅವ್ರತಿಗಳೇ. ಬಟ್ಟೆಗೆ ತೇಪೆ ಇರಬಹುದು, ವ್ರತಕ್ಕೆ ತೇಪೆ ಬೇಡ.

ಸಮಸ್ತ ಶ್ರಾವಕ ಶ್ರಾವಿಕೆಯರಿಗೆ ಸದ್ಧರ್ಮವೃದ್ಧಿರಸ್ತು.